"ನಂಗೆ ನಾಕು, ಅಣ್ಣಂಗೆ ಒಂದೇ": ಪುಟ್ಟ ಮಕ್ಕಳಿಗೆ ಹೆಚ್ಚು-ಕಡಿಮೆ ಕಲಿಸುವ ಬಗೆ

ದಾವಣಗೆರೆಯಲ್ಲಿ ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೂರಲು ಜಾಗ ಸಿಗುವುದೇ ಕಷ್ಟ. ಅಂಥ ಒಂದು ಭಾನುವಾರ ನನ್ನ ತಂಗಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಮಗನಿಗೆ ಏಳು ವರ್ಷ, ಮಗಳಿಗೆ ನಾಲ್ಕು. ಮಗನಿಗೆ ಒಂದು ಇಡೀ ದೋಸೆ ಹೇಳಿದೆವು. ಮಗಳಿಗೆ ತಂಗಿ ತನ್ನ ದೋಸೆಯಲ್ಲೇ ಅರ್ಧ ಮುರಿದು, ಅದನ್ನು ನಾಲ್ಕು ಚೂರು ಮಾಡಿ ತಟ್ಟೆಗೆ ಹಾಕಿದಳು. ಹುಡುಗಿ ಒಂದೊಂದರ ಮೇಲೂ ಬೆರಳಿಟ್ಟು ಎಣಿಸಿದಳು. ಆಮೇಲೆ ಅಣ್ಣನ ತಟ್ಟೆ ನೋಡಿದಳು. ಮುಖ ಅರಳಿತು.

"ನಂಗೆ ನಾಕು! ಅಣ್ಣಂಗೆ ಒಂದೇ ಐತಿ!"

"ಲೇ ದಡ್ಡಿ, ನಂದೇ ಜಾಸ್ತಿ."

"ಎಣಿಸು ಬೇಕಾದ್ರೆ."

ಜಗಳ ನನ್ನ ಕಡೆ ತಿರುಗಿತು. "ದೊಡ್ಡಮ್ಮ, ಯಾರ್ದು ಜಾಸ್ತಿ, ನೀನೇ ಹೇಳು."

ನಾನು ಇಪ್ಪತ್ತು ವರ್ಷದಿಂದ ನಲಿ-ಕಲಿ ತರಗತಿಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳ ಜೊತೆ ನೆಲದ ಮೇಲೆ ಕೂತವಳು. ಆದರೂ ತಟ್ಟನೆ ಉತ್ತರ ಬಾಯಿಗೆ ಬರಲಿಲ್ಲ. ಇಬ್ಬರೂ ಸರಿಯೇ ಅಲ್ವಾ? ಎಣಿಕೆಯಲ್ಲಿ ಅವಳದು ಜಾಸ್ತಿ, ದೋಸೆಯಲ್ಲಿ ಅವನದು ಜಾಸ್ತಿ. ಅವಳು ದಡ್ಡಿಯೇನಲ್ಲ. ಹೋದ ತಿಂಗಳಷ್ಟೇ ಎಣಿಸಲು ಕಲಿತಿದ್ದಳು, ಕಲಿತದ್ದನ್ನು ಎಲ್ಲ ಕಡೆಯೂ ಬಳಸುತ್ತಿದ್ದಳು.

ಮನೆಯಲ್ಲಿ ನಾವು ಮಕ್ಕಳಿಗೆ ಮೊದಲು ಕಲಿಸುವುದು ಒಂದು, ಎರಡು, ಮೂರು. ನೂರರವರೆಗೆ ಬಾಯಿಪಾಠ ಹೇಳಿಸಿ ನೆಂಟರ ಮುಂದೆ ನಿಲ್ಲಿಸುತ್ತೇವೆ. ನನ್ನ ಅನುಭವದಲ್ಲಿ ಆ ಕ್ರಮ ತಲೆಕೆಳಗು. ಹೋಲಿಸುವುದು ಎಣಿಸುವುದಕ್ಕಿಂತ ಹಳೆಯದು, ಸುಲಭವಾದದ್ದು. ಅದಕ್ಕೆ ಸಂಖ್ಯೆಯೇ ಬೇಕಿಲ್ಲ. ಇದಕ್ಕೊಂದು, ಅದಕ್ಕೊಂದು ಅಂತ ಜೋಡಿ ಹಾಕುತ್ತಾ ಹೋದರೆ ಸಾಕು. ಕೊನೆಗೆ ಯಾವುದಕ್ಕೆ ಜೋಡಿ ಸಿಗಲಿಲ್ಲವೋ ಅದು ಜಾಸ್ತಿ. ಮಗುವಿನ ಮೊದಲ ತಕ್ಕಡಿ ಇದೇ. ಕೆಳಗಿನ ಹೆಜ್ಜೆಗಳೆಲ್ಲ ಈ ತಕ್ಕಡಿಯ ಸುತ್ತಲೇ ಇವೆ. ಮೂರು ವರ್ಷದಿಂದ ಏಳೆಂಟು ವರ್ಷದ ಮಕ್ಕಳಿಗೆ ಹೊಂದುತ್ತವೆ. ಒಂದೊಂದು ಹೆಜ್ಜೆಗೆ ವಾರ ಹಿಡಿಯಬಹುದು, ಮೂರು ತಿಂಗಳೂ ಹಿಡಿಯಬಹುದು. ದಿನಕ್ಕೆ ಹತ್ತು ನಿಮಿಷ ಸಾಕು.

ಬೇಕಾಗುವ ಸಾಮಾನು

ಅಂಗಡಿಯಿಂದ ಏನೂ ತರಬೇಡಿ. ಒಂದು ಹಿಡಿ ಹುಣಸೆ ಬೀಜ, ಒಂದು ಹಿಡಿ ಮೆಕ್ಕೆಜೋಳ, ಸ್ವಲ್ಪ ಶೇಂಗಾ ಬೀಜ, ನಾಲ್ಕು ನಿಂಬೆಹಣ್ಣು, ಒಂದಿಷ್ಟು ಬಾಟಲಿ ಮುಚ್ಚಳ, ಸೀಮೆಸುಣ್ಣ. ಮೊಟ್ಟೆ ಅಂಗಡಿಯಲ್ಲಿ ಕೇಳಿದರೆ 30 ಗುಂಡಿಯ ರಟ್ಟಿನ ಟ್ರೇ ಸುಮ್ನೆ ಕೊಡುತ್ತಾರೆ. ಮನೆಯಲ್ಲಿ ಅಜ್ಜಿಯ ಕಾಲದ ಅಳಗುಳಿಮಣೆ ಇದ್ದರಂತೂ ಟ್ರೇ ಕೂಡ ಬೇಡ. ಎದುರು-ಬದುರು ಎರಡು ಸಾಲು, ಸಾಲಿಗೆ 7 ಗುಂಡಿ. ಹೋಲಿಕೆ ಕಲಿಸಲೆಂದೇ ಮಾಡಿದಂತಿದೆ.

ಒಂದು ಎಚ್ಚರಿಕೆ. ಸಣ್ಣ ಮಕ್ಕಳು ಬೀಜವನ್ನು ಬಾಯಿಗೆ ಹಾಕುತ್ತಾರೆ, ಮೂಗಿಗೂ ತುರುಕುತ್ತಾರೆ. ಶೇಂಗಾ ಗಂಟಲಲ್ಲಿ ಸಿಕ್ಕಿದರೆ ತುಂಬಾ ಅಪಾಯ. ಮೂರು-ನಾಲ್ಕು ವರ್ಷದವರಿಗೆ ನಿಂಬೆಹಣ್ಣು, ಲೋಟ, ಚಮಚದಂಥ ದೊಡ್ಡ ಸಾಮಾನೇ ಇರಲಿ. ಬೀಜ ಹೊರಗಿರುವಷ್ಟು ಹೊತ್ತು ನೀವೂ ಅಲ್ಲೇ ಕೂತಿರಿ.

ಹೆಜ್ಜೆ 1: ಕಣ್ಣಳತೆ, ಮತ್ತು "ಕಮ್ಮಿ" ಎಂಬ ಕಷ್ಟದ ಮಾತು

ಎರಡು ತಟ್ಟೆ ಇಡಿ. ಒಂದರಲ್ಲಿ 2 ಚಮಚ, ಇನ್ನೊಂದರಲ್ಲಿ 8. "ಯಾವ ತಟ್ಟೇಲಿ ಜಾಸ್ತಿ?" ಮೂರು ವರ್ಷದ ಮಗು ಎಣಿಸದೆಯೇ ತೋರಿಸುತ್ತದೆ. ಈ ಕಣ್ಣಳತೆ ಯಾರೂ ಕಲಿಸಿದ್ದಲ್ಲ. ಆರು ತಿಂಗಳ ಕೂಸು 8 ಚುಕ್ಕೆ ಮತ್ತು 16 ಚುಕ್ಕೆಯ ಚಿತ್ರಗಳನ್ನು ಬೇರೆ ಬೇರೆ ಎಂದು ಗುರುತಿಸುತ್ತದೆ, 8 ಮತ್ತು 12 ಆದರೆ ಗುರುತಿಸುವುದಿಲ್ಲ ಎಂದು ಫೇ ಶೂ ಮತ್ತು ಎಲಿಜಬೆತ್ ಸ್ಪೆಲ್ಕಿ ಎಂಬ ಇಬ್ಬರು ಮನೋವಿಜ್ಞಾನಿಗಳು 2000ದಲ್ಲಿ ತೋರಿಸಿದರು. ಅಂದರೆ ಕಣ್ಣಿಗೆ ಕಾಣುವುದು "ಎಷ್ಟು ಜಾಸ್ತಿ" ಅಲ್ಲ, "ಎಷ್ಟು ಪಟ್ಟು". ವಯಸ್ಸಾದಂತೆ ಈ ಕಣ್ಣು ಚುರುಕಾಗುತ್ತದೆ.

ಹಾಗಾಗಿ 2 ಮತ್ತು 8ರಿಂದ ಶುರು ಮಾಡಿ. ಆಮೇಲೆ 4 ಮತ್ತು 8. ಆಮೇಲೆ 5 ಮತ್ತು 7. ಒಂದು ಹಂತದಲ್ಲಿ ಮಗು ತಡವರಿಸುತ್ತದೆ. ಅಲ್ಲಿಗೆ ನಿಲ್ಲಿಸಿ. ಆ ತಡವರಿಕೆಯೇ ಎರಡನೇ ಹೆಜ್ಜೆಗೆ ಬಾಗಿಲು, ಈಗಲೇ ಉತ್ತರ ಹೇಳಿಕೊಡಬೇಡಿ.

ಮಾತಿನ ಕಡೆಗೂ ಸ್ವಲ್ಪ ಗಮನ ಬೇಕು. ನಮ್ಮ ಮನೆಗಳಲ್ಲಿ ಮಗು "ಜಾಸ್ತಿ" ಎಂಬ ಪದ ಕೇಳುವುದು ಹೆಚ್ಚಾಗಿ ಬೈಗುಳದಲ್ಲಿ. "ಜಾಸ್ತಿ ಮಾತಾಡಬೇಡ", "ಸಕ್ಕರೆ ಜಾಸ್ತಿ ತಿನ್ನಬೇಡ". ಅಲ್ಲಿ ಜಾಸ್ತಿ ಅಂದರೆ ಅತಿ. ಎರಡನ್ನು ಪಕ್ಕಪಕ್ಕ ಇಟ್ಟು "ಇದಕ್ಕಿಂತ ಅದು ಜಾಸ್ತಿ" ಎಂದು ಹೇಳುವುದು ಕಡಿಮೆ. "ಕ್ಕಿಂತ" ಎಂಬ ಆ ಪುಟ್ಟ ಬಾಲ ಮಗುವಿನ ಕಿವಿಗೆ ದಿನಾ ಬೀಳಬೇಕು. ಅಡುಗೆಮನೆಯಲ್ಲಿ ಸುಮ್ನೆ ಹೇಳುತ್ತಾ ಇರಿ. "ಈರುಳ್ಳಿಗಿಂತ ಟೊಮೆಟೊ ಜಾಸ್ತಿ ಅದಾವು ನೋಡು." "ನಿನ್ನ ಲೋಟಕ್ಕಿಂತ ಅಪ್ಪನ ಲೋಟದಲ್ಲಿ ಕಾಫಿ ಕಮ್ಮಿ ಐತಿ."

"ಕಮ್ಮಿ" ಇನ್ನೂ ಕಷ್ಟ. "ಯಾವುದು ಕಮ್ಮಿ?" ಎಂದು ಕೇಳಿದರೂ ಅನೇಕ ಮಕ್ಕಳು ಜಾಸ್ತಿ ಇರುವುದನ್ನೇ ತೋರಿಸುತ್ತಾರೆ. ಇದು ನಮ್ಮ ಮಕ್ಕಳ ತೊಂದರೆಯಷ್ಟೇ ಅಲ್ಲ. ಇಂಗ್ಲಿಷ್ ಮಾತಾಡುವ ಮಕ್ಕಳಲ್ಲೂ ಇದನ್ನೇ ಕಂಡದ್ದಾಗಿ ಮನೋವಿಜ್ಞಾನಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೊತೆಯವರು 1968ರಲ್ಲೇ ಬರೆದಿದ್ದಾರೆ. ಮಗುವಿಗೆ ಬೇಕಾಗಿರುವುದು ಜಾಸ್ತಿ ತಾನೇ? ಕಮ್ಮಿಯನ್ನು ಯಾರು ಕೇಳುತ್ತಾರೆ? ಅದಕ್ಕೇ ಕಮ್ಮಿ ಬೇಕಾಗುವಂಥ ಸಂದರ್ಭ ಮಾಡಿ. "ಅಜ್ಜಿಗೆ ಹಲ್ಲಿಲ್ಲ, ಅಜ್ಜಿಗೆ ಕಮ್ಮಿ ಮಂಡಕ್ಕಿ ಹಾಕು, ತಾತಂಗೆ ಜಾಸ್ತಿ ಹಾಕು." ತನ್ನ ಕೈಯಿಂದ ಕಮ್ಮಿ ಹಾಕಿದ ಮಗುವಿಗೆ ಆ ಪದ ಹತ್ತುತ್ತದೆ. ಚಿತ್ರಪಟ ತೋರಿಸಿ "ಇದು ಕಡಿಮೆ" ಅಂದರೆ ಹತ್ತುವುದಿಲ್ಲ.

ಇನ್ನೊಂದು ಗೊಂದಲ "ದೊಡ್ಡದು". ನಾಲ್ಕು ನಿಂಬೆಹಣ್ಣು ಒಂದು ಕಡೆ, ಒಂಬತ್ತು ಹುಣಸೆ ಬೀಜ ಇನ್ನೊಂದು ಕಡೆ ಇಡಿ. ಎಷ್ಟೋ ಮಕ್ಕಳು ನಿಂಬೆಹಣ್ಣೇ ಜಾಸ್ತಿ ಎನ್ನುತ್ತಾರೆ. ಗುಡ್ಡೆ ದೊಡ್ಡದಲ್ವಾ! ಅಲ್ಲಿ "ತಪ್ಪು" ಎನ್ನಬೇಡಿ. "ಹೌದು, ನಿಂಬೆಹಣ್ಣು ದಪ್ಪ ಅದಾವು. ಈಗ ಒಂದೊಂದಕ್ಕೂ ಒಂದೊಂದು ಜೋಡಿ ಹಾಕೋಣ ಬಾ" ಅನ್ನಿ.

ಹೆಜ್ಜೆ 2: ಜೋಡಿ ಹಾಕಿ ನೋಡುವುದು

ಇಲ್ಲಿ ಅವಸರ ಬೇಡ. ಮುಂದಿನ ಎಲ್ಲವೂ ಇದರ ಮೇಲೆ ನಿಂತಿದೆ.

ನಮ್ಮ ಶಾಲೆಯಲ್ಲಿ ಬೆಳಿಗ್ಗೆ ಹಾಲು ಕೊಡುವ ಹೊತ್ತೇ ನನ್ನ ಪಾಠದ ಹೊತ್ತು. ಸರ್ಕಾರದ ಕ್ಷೀರಭಾಗ್ಯ ಯೋಜನೆ 2013ರಲ್ಲಿ ಬಂದಾಗಿನಿಂದ ಲೋಟ ಹಂಚುವ ಕೆಲಸ ಒಬ್ಬ ಪುಟಾಣಿಯದು. ನಾನು ಬೇಕೆಂದೇ ಎರಡು ಲೋಟ ಕಮ್ಮಿ ಇಡುತ್ತೇನೆ. ಹುಡುಗ ಹಂಚುತ್ತಾ ಬರುತ್ತಾನೆ. ಸಾಲಿನ ಕೊನೆಯಲ್ಲಿ ಇಬ್ಬರು ಕೈ ಚಾಚಿ ಕೂತಿರುತ್ತಾರೆ. "ಟೀಚರ್, ಇವರಿಗೆ ಇಲ್ಲ!" "ಹಂಗಾದ್ರೆ ಮಕ್ಕಳು ಜಾಸ್ತಿನೋ ಲೋಟ ಜಾಸ್ತಿನೋ?" "ಮಕ್ಳು!" ಯಾರೂ ಎಣಿಸಲಿಲ್ಲ. ಯಾರಿಗೂ ಅನುಮಾನವೂ ಇಲ್ಲ. ಮರುದಿನ ಎರಡು ಲೋಟ ಮಿಗುವಂತೆ ಇಡುತ್ತೇನೆ. ಇನ್ನೊಂದು ದಿನ ಸರಿಯಾಗಿ ಇಡುತ್ತೇನೆ. ಆ ದಿನ "ಸಮ" ಎಂಬ ಪದ ಹುಟ್ಟುತ್ತದೆ. ಹಂಚಿ ಮುಗಿದಾಗ ಲೋಟವೂ ಮಿಗಲಿಲ್ಲ, ಮಗುವೂ ಮಿಗಲಿಲ್ಲ. "ಸಮ ಸಮ" ಎಂದು ಅವರೇ ಕೂಗುತ್ತಾರೆ.

ಮನೆಯಲ್ಲಿ ಹೀಗೆ ಮಾಡಿ:

ಮೊದಲು ತಟ್ಟೆಗೊಂದು ಲೋಟ, ಚಪ್ಪಲಿಗೊಂದು ಚಪ್ಪಲಿ, ಮಿರ್ಚಿಗೊಂದು ಈರುಳ್ಳಿ ಬಿಲ್ಲೆ. ಒಂದಕ್ಕೊಂದು ಸಂಬಂಧ ಇರುವ ವಸ್ತುಗಳಲ್ಲಿ ಜೋಡಿ ಸುಲಭ.

ಆಮೇಲೆ ಸಂಬಂಧವಿಲ್ಲದವು. ಅಳಗುಳಿಮಣೆಯ ಒಂದು ಸಾಲಿನಲ್ಲಿ ಗುಂಡಿಗೊಂದು ಹುಣಸೆ ಬೀಜ, ಎದುರಿನ ಸಾಲಿನಲ್ಲಿ ಗುಂಡಿಗೊಂದು ಶೇಂಗಾ. ಒಂದು ಕಡೆ 6, ಒಂದು ಕಡೆ 4. ಇಬ್ಬರೂ ಒಂದೇ ತುದಿಯಿಂದ ತುಂಬಬೇಕು, ಅದೊಂದೇ ನಿಯಮ. ಟ್ರೇ ಆದರೆ ಎರಡು ಸಾಲು ಕತ್ತರಿಸಿಕೊಳ್ಳಿ. ಗುಂಡಿಗಳು ಎದುರು-ಬದುರಾಗಿ ಇರುವುದರಿಂದ ಜೋಡಿ ತಾನಾಗಿಯೇ ಕಾಣುತ್ತದೆ. "ಯಾರಿಗೆ ಜೋಡಿ ಇಲ್ಲ?" ಎಂದಷ್ಟೇ ಕೇಳಿ.

ಕೊನೆಗೆ ಗುಂಡಿಯೂ ಇಲ್ಲದೆ, ಬರಿ ನೆಲದ ಮೇಲೆ. ಎರಡು ಸಾಲು ಬೀಜ ಇಟ್ಟು ಮಗುವೇ ಸೀಮೆಸುಣ್ಣದಲ್ಲಿ ಇದರಿಂದ ಅದಕ್ಕೆ ಗೆರೆ ಎಳೆಯಲಿ. ಇಲ್ಲಿ ಎರಡು ತಪ್ಪು ಸಾಮಾನ್ಯ. ಒಂದು ಬೀಜಕ್ಕೆ ಎರಡು ಗೆರೆ ಎಳೆಯುವುದು, ನಡುವೆ ಒಂದನ್ನು ಬಿಟ್ಟುಹೋಗುವುದು. ತಿದ್ದುವ ಬದಲು ಕತೆ ಹೇಳಿ. "ಇದು ಮದುವೆ ಅಂತ ಇಟ್ಟುಕೋ. ಒಬ್ಬರ ಕೈ ಒಬ್ಬರೇ ಹಿಡೀಬೇಕು." ನನ್ನ ತರಗತಿಯಲ್ಲಿ ಈ ಮಾತು ಸೋತದ್ದು ಕಡಿಮೆ.

ಹೆಜ್ಜೆ 3: ಸಾಲು ಹಿಗ್ಗಿದರೆ ಜಾಸ್ತಿಯಾಯಿತೇ?

ಆರು ಹುಣಸೆ ಬೀಜ ಒಂದು ಸಾಲು, ಅದರ ಕೆಳಗೆ ಆರು ಶೇಂಗಾ ಒಂದು ಸಾಲು. ಜೋಡಿ ಸರಿಯಾಗಿ ಕೂತಿದೆ. ಮಗು "ಸಮ" ಎನ್ನುತ್ತದೆ. ಈಗ ಮಗುವಿನ ಕಣ್ಣೆದುರೇ ಶೇಂಗಾ ಸಾಲನ್ನು ಅಗಲವಾಗಿ ಹರಡಿ. ಮತ್ತೆ ಕೇಳಿ. ನಾಲ್ಕೈದು ವರ್ಷದ ಹೆಚ್ಚಿನ ಮಕ್ಕಳು "ಶೇಂಗಾ ಜಾಸ್ತಿ" ಎನ್ನುತ್ತಾರೆ.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಇದನ್ನು ದೊಡ್ಡದಾಗಿ ಚರ್ಚಿಸಿದ. ಸುಮಾರು ಆರೇಳು ವರ್ಷದವರೆಗೆ ಮಗುವಿಗೆ ಕಣ್ಣಿಗೆ ಕಂಡದ್ದೇ ಲೆಕ್ಕ, ಸಾಲು ಉದ್ದವಾದರೂ ಎಣಿಕೆ ಬದಲಾಗುವುದಿಲ್ಲ ಎಂಬುದು ಆಮೇಲೆ ಹೊಳೆಯುತ್ತದೆ ಎಂದ. ಸ್ಕಾಟ್ಲೆಂಡಿನ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಅದೇ ಡೊನಾಲ್ಡ್‌ಸನ್ 1970ರ ದಶಕದಲ್ಲಿ ಒಂದು ಚಂದದ ತಿರುವು ಕೊಟ್ಟರು. ಸಾಲನ್ನು ದೊಡ್ಡವರು ಹರಡಲಿಲ್ಲ. ಒಂದು ತುಂಟ ಗೊಂಬೆ ಕರಡಿ ಪೆಟ್ಟಿಗೆಯಿಂದ ಬಂದು ಸಾಲನ್ನು ಕೆಡಿಸಿತು. ಆಗ ಅದೇ ವಯಸ್ಸಿನ ಮಕ್ಕಳಲ್ಲಿ ಎಷ್ಟೋ ಹೆಚ್ಚು ಮಂದಿ "ಸಮವೇ ಇದೆ" ಎಂದರು.

ಯಾಕೆ ಹಾಗೆ? ದೊಡ್ಡವರು ಬೇಕೆಂದೇ ಏನನ್ನೋ ಬದಲಿಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಮಗು ಏನಂದುಕೊಳ್ಳುತ್ತದೆ? "ನಾನು ಹೇಳಿದ್ದು ತಪ್ಪಿರಬೇಕು, ಉತ್ತರ ಬದಲಿಸಬೇಕು." ನಮ್ಮ ಕ್ಲಾಸಿನಲ್ಲಿ ದಿನಾ ನಡೆಯುವುದು ಇದೇ. ಸರಿ ಉತ್ತರಕ್ಕೆ "ಹೌದಾ? ಸರಿಯಾಗಿ ನೋಡು" ಎಂದು ನೋಡಿ, ತಕ್ಷಣ ಮಾತು ಬದಲಿಸುತ್ತಾರೆ.

ಹಾಗಾಗಿ ನೀವೂ ಕೈ ಹಾಕಬೇಡಿ. ಕಾಲುಚೀಲದಲ್ಲಿ ಬಟ್ಟೆ ತುರುಕಿ ಒಂದು ತುಂಟ ಬೆಕ್ಕು ಮಾಡಿಕೊಳ್ಳಿ. ಬೆಕ್ಕು ಬಂದು ಸಾಲು ಕೆಡಿಸಲಿ. "ಅಯ್ಯೋ, ಏನ್ ಮಾಡ್ತು ನೋಡು! ಶೇಂಗಾ ಏನಾದ್ರೂ ತಿಂದ್ಹಾಕ್ತಾ, ಇಲ್ಲಾ ಅಷ್ಟೇ ಅದಾವಾ?" ಕೆಲವು ಸಲ ಬೆಕ್ಕು ನಿಜವಾಗಿಯೂ ಒಂದನ್ನು ಕದಿಯಲಿ. ಆಗ ಮಗು ಸಾಲನ್ನು ಮತ್ತೆ ಹತ್ತಿರ ತಂದು ಜೋಡಿ ಹಾಕಿ ನೋಡುತ್ತದೆ. ಅನುಮಾನ ಬಂದಾಗ ತಾನಾಗಿಯೇ ಜೋಡಿ ಹಾಕುವ ಮಗು ಈ ಹೆಜ್ಜೆ ದಾಟಿದಂತೆ. ಹಾಗೆ ಮಾಡದಿದ್ದರೂ ಪರವಾಗಿಲ್ಲ. ಎರಡು ತಿಂಗಳು ಬಿಟ್ಟು ಬೆಕ್ಕನ್ನು ಮತ್ತೆ ಕರೆಯಿರಿ. ಇದು ಬಾಯಿಪಾಠಕ್ಕೆ ಬಗ್ಗುವ ವಿಷಯವಲ್ಲ.

ಹೆಜ್ಜೆ 4: ಎಣಿಸಿ ಹೋಲಿಸುವುದು

ಈಗ ಎಣಿಕೆಗೆ ಕೆಲಸ ಬಂತು. ಲೋಟ ಅಡುಗೆಮನೆಯಲ್ಲಿವೆ, ಮಕ್ಕಳು ಜಗಲಿಯಲ್ಲಿದ್ದಾರೆ. ಜೋಡಿ ಹಾಕಲು ಆಗದು. ಎಣಿಸಿ, ಸಂಖ್ಯೆಯನ್ನು ತಲೆಯಲ್ಲಿ ಹೊತ್ತುಕೊಂಡು ಬರಬೇಕು. "ಹೊರಗೆ ಎಷ್ಟು ಜನ ಕೂತಿದಾರೆ ನೋಡ್ಕೊಂಡು ಬಾ, ಅಷ್ಟೇ ಲೋಟ ತಗೊಂಡು ಹೋಗು." ಒಂದೇ ಓಟದಲ್ಲಿ ತರಬೇಕು ಎಂಬ ಷರತ್ತು ಹಾಕಿ. ಎಣಿಸಿ ಮುಗಿಸಿದಾಗ ಕೊನೆಗೆ ಹೇಳಿದ ಪದವೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ ಎಂದು ಮಗುವಿಗೆ ಗೊತ್ತಿದೆಯೋ ಇಲ್ಲವೋ ಇಲ್ಲೇ ತಿಳಿಯುತ್ತದೆ. "ಎಷ್ಟು ಜನ?" ಎಂದರೆ ಮತ್ತೆ ಒಂದು, ಎರಡು ಎಂದು ಶುರು ಮಾಡಿದರೆ ಇನ್ನೂ ಗೊತ್ತಿಲ್ಲ ಎಂದರ್ಥ.

ಮುಂದಿನ ಪ್ರಶ್ನೆ ವಸ್ತುವೇ ಇಲ್ಲದೆ. "ಐದು ದೊಡ್ಡದೋ ಏಳು ದೊಡ್ಡದೋ?" ಇದಕ್ಕೆ ನೆಲದ ಮೇಲೆ ಆಡುವ ಆಟವೇ ಒಳ್ಳೆಯದು. ಸೀಮೆಸುಣ್ಣದಲ್ಲಿ ಒಂದೇ ಸಾಲಿನಲ್ಲಿ ಹತ್ತು ಮನೆ ಬರೆಯಿರಿ, 1ರಿಂದ 10. ಚೌಕಾಬಾರಕ್ಕೆ ಮಾಡಿದಂತೆ ಎರಡು ಹುಣಸೆ ಬೀಜವನ್ನು ಒಂದು ಮಗ್ಗುಲು ಬಿಳಿ ಕಾಣುವಂತೆ ತೇಯ್ದುಕೊಳ್ಳಿ. ಎಸೆದಾಗ ಎಷ್ಟು ಬಿಳಿ ಬಿತ್ತೋ ಅಷ್ಟು ಮನೆ ಮುಂದೆ. ಎರಡೂ ಕಪ್ಪಾದರೆ ಸೊನ್ನೆ, ಇದ್ದಲ್ಲೇ ಇರಬೇಕು. ಸೊನ್ನೆಗೆ ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ.

ಇಲ್ಲೊಂದು ಗುಟ್ಟಿದೆ. ಐದನೇ ಮನೆಯಲ್ಲಿದ್ದು ಎರಡು ಬಿದ್ದರೆ ಮಗು "ಒಂದು, ಎರಡು" ಎಂದು ಹೆಜ್ಜೆ ಹಾಕುತ್ತದೆ. ಹಾಗಲ್ಲ, "ಆರು, ಏಳು" ಎನ್ನಬೇಕು. ಅಮೆರಿಕದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಬಡ ಕುಟುಂಬಗಳ ಮಕ್ಕಳಿಗೆ ಇಂಥದೇ ಸಾಲಿನ ಆಟವನ್ನು ಎರಡು ವಾರದಲ್ಲಿ ನಾಲ್ಕು ಸಲ ಆಡಿಸಿ ನೋಡಿದರು. ಎರಡು ಸಂಖ್ಯೆಗಳಲ್ಲಿ ಯಾವುದು ದೊಡ್ಡದು ಎಂದು ಹೇಳುವುದರಲ್ಲಿ ಮಕ್ಕಳು ಗಮನಾರ್ಹವಾಗಿ ಮುಂದೆ ಬಂದರು. ಮನೆಯ ಸಂಖ್ಯೆಯನ್ನು ಹೇಳುತ್ತಾ ಹೋದದ್ದೇ ಅದರ ಜೀವಾಳ. ಆಟದ ನಡುವೆ ಕೇಳಿ: "ನೀನು ಏಳರಲ್ಲಿ, ನಾನು ನಾಕರಲ್ಲಿ. ಯಾರು ಮುಂದೆ?"

ನಮ್ಮ ಭಾಷೆಯೂ ಸಹಾಯಕ್ಕೆ ಬರುತ್ತದೆ. "ಒಂಬತ್ತು" ಎಂಬ ಪದದೊಳಗೆ ಹತ್ತು ಅಡಗಿದೆ. ಹತ್ತಕ್ಕೆ ಒಂದು ಕಡಿಮೆ ಎಂಬುದೇ ಅದರ ಮೂಲ ಎಂದು ಭಾಷಾ ವಿದ್ವಾಂಸರು ಹೇಳುತ್ತಾರೆ. ಮಕ್ಕಳಿಗೆ ಇದನ್ನು ಹೇಳಿದಾಗ ಅವರಿಗೆ ಯಾವುದೋ ನಿಧಿ ಸಿಕ್ಕಷ್ಟು ಖುಷಿ.

ಹೆಜ್ಜೆ 5: "ಎಷ್ಟು ಜಾಸ್ತಿ?"

ಎಲ್ಲರೂ ಎಡವುವುದು ಇಲ್ಲಿ. ಏಳು ಹುಣಸೆ ಬೀಜ, ನಾಲ್ಕು ಶೇಂಗಾ. "ಯಾವುದು ಜಾಸ್ತಿ?" "ಹುಣಸೆ ಬೀಜ." "ಎಷ್ಟು ಜಾಸ್ತಿ?" "ಏಳು!"

ಈ "ಏಳು" ಕೇಳಿ ಎಷ್ಟೋ ಅಪ್ಪ-ಅಮ್ಮಂದಿರು ತಲೆ ಚಚ್ಚಿಕೊಳ್ಳುತ್ತಾರೆ. ನಾನೂ ಮೊದಲ ವರ್ಷ ಒಬ್ಬ ಹುಡುಗನಿಗೆ ಹತ್ತು ಸಲ ಅದೇ ಪ್ರಶ್ನೆ ಕೇಳಿ ಅಳಿಸಿದ್ದೆ. ಈಗ ನೆನೆದರೆ ನಾಚಿಕೆ. ಅವನಿಗೆ ಲೆಕ್ಕ ಬರುತ್ತಿತ್ತು, ನನ್ನ ಪ್ರಶ್ನೆ ಅವನಿಗೆ ಅರ್ಥವಾಗಿರಲಿಲ್ಲ. "ಎಷ್ಟು ಜಾಸ್ತಿ" ಎಂದಾಗ ಅವನಿಗೆ ಕೇಳಿದ್ದು "ಜಾಸ್ತಿ ಇರುವುದು ಎಷ್ಟಿದೆ" ಎಂದು.

ಟಾಮ್ ಹಡ್ಸನ್ ಎಂಬ ಸಂಶೋಧಕ 1983ರಲ್ಲಿ ಹಕ್ಕಿ ಮತ್ತು ಹುಳುಗಳ ಚಿತ್ರ ತೋರಿಸಿ ಮಕ್ಕಳನ್ನು ಎರಡು ರೀತಿಯಲ್ಲಿ ಕೇಳಿದ. "ಹುಳುಗಳಿಗಿಂತ ಹಕ್ಕಿ ಎಷ್ಟು ಜಾಸ್ತಿ?" ಎಂದಾಗ ಒಂದನೇ ತರಗತಿಯ ನೂರಕ್ಕೆ 64 ಮಕ್ಕಳು ಸರಿಯಾಗಿ ಹೇಳಿದರು. "ಹಕ್ಕಿಗಳೆಲ್ಲ ಓಡಿಹೋಗಿ ಒಂದೊಂದು ಹುಳ ಹಿಡಿದರೆ, ಎಷ್ಟು ಹಕ್ಕಿಗೆ ಹುಳ ಸಿಗಲ್ಲ?" ಎಂದಾಗ ಎಲ್ಲರೂ ಸರಿ ಹೇಳಿದರು. ಚಿತ್ರ ಅದೇ, ಲೆಕ್ಕ ಅದೇ. ಬದಲಾದದ್ದು ಮಾತು.

ನೋಡಿ, ಎರಡನೇ ಪ್ರಶ್ನೆಯೊಳಗೆ ಜೋಡಿ ಇದೆ. ನಮ್ಮ ಹಾಲಿನ ಲೋಟದ ಪ್ರಶ್ನೆಯೇ ಅದು. ಹಾಗಾಗಿ ಹೀಗೆ ಸಾಗಿ. ಮೊದಲ ವಾರ "ಎಷ್ಟಕ್ಕೆ ಜೋಡಿ ಸಿಗಲಿಲ್ಲ?" ಎಂದೇ ಕೇಳಿ. ಮಗು ಜೋಡಿ ಹಾಕಿ, ಮಿಕ್ಕಿದ್ದನ್ನು ಎಣಿಸಿ "ಮೂರು" ಎನ್ನುತ್ತದೆ. ನೀವು ಪಕ್ಕದಲ್ಲೇ ಇನ್ನೊಂದು ಮಾತು ಸೇರಿಸಿ: "ಮೂರಕ್ಕೆ ಜೋಡಿ ಇಲ್ಲ. ಅಂದ್ರೆ ಹುಣಸೆ ಬೀಜ ಮೂರು ಜಾಸ್ತಿ." ಎರಡನೇ ವಾರದಿಂದ ಎರಡೂ ಪ್ರಶ್ನೆಯನ್ನು ಒಟ್ಟಿಗೆ ಕೇಳಿ. ಆಮೇಲೆ ಮೊದಲನೆಯದನ್ನು ಮೆಲ್ಲಗೆ ಬಿಡಿ.

ಅದೇ ಚಿತ್ರವನ್ನು ಮೂರು ಬಗೆಯಲ್ಲಿ ಹೇಳುವುದನ್ನೂ ರೂಢಿ ಮಾಡಿಸಿ. ಹುಣಸೆ ಬೀಜ ಮೂರು ಜಾಸ್ತಿ. ಶೇಂಗಾ ಮೂರು ಕಮ್ಮಿ. ಇನ್ನೂ ಮೂರು ಶೇಂಗಾ ತಂದರೆ ಸಮ. ಮೂರನೇ ವಾಕ್ಯ ಮಕ್ಕಳಿಗೆ ಎಲ್ಲಕ್ಕಿಂತ ಬೇಗ ಹತ್ತುತ್ತದೆ. ಏನೋ ಮಾಡುವುದಿದೆ ಅದರಲ್ಲಿ.

ಒಂದು ಮಾತು ಮಾತ್ರ ನೆನಪಿಡಿ. "'ಜಾಸ್ತಿ' ಅಂತ ಬಂದರೆ ಕೂಡು, 'ಕಮ್ಮಿ' ಅಂತ ಬಂದರೆ ಕಳೆ" ಎಂದು ಯಾರಾದರೂ ಸುಲಭದ ಉಪಾಯ ಹೇಳಿಕೊಟ್ಟರೆ ದಯವಿಟ್ಟು ಬೇಡ ಎನ್ನಿ. "ಅಕ್ಕನ ಹತ್ತಿರ 9 ಗೋಲಿ. ಅದು ತಮ್ಮನಿಗಿಂತ 4 ಜಾಸ್ತಿ. ತಮ್ಮನ ಹತ್ತಿರ ಎಷ್ಟು?" ಎಂಬ ಒಂದೇ ಲೆಕ್ಕ ಆ ಉಪಾಯವನ್ನು ಮಕಾಡೆ ಮಲಗಿಸುತ್ತದೆ.

ಹೆಜ್ಜೆ 6: ಎಣಿಸಲಾಗದ್ದನ್ನು ಹೋಲಿಸುವುದು

ಮಂಡಕ್ಕಿ ಭಟ್ಟಿಗಳ ಊರಲ್ಲಿದ್ದು ಮಂಡಕ್ಕಿ ಬಿಟ್ಟು ಪಾಠ ಮಾಡುವುದುಂಟೇ? ಹಳೇ ಪಾವು, ಸೇರು ಮನೆಯಲ್ಲಿದ್ದರೆ ಹೊರತೆಗೆಯಿರಿ. ಇಲ್ಲದಿದ್ದರೆ ಒಂದೇ ಅಳತೆಯ ಲೋಟ ಸಾಕು. ನಾಲ್ಕು ಪಾವಿಗೆ ಒಂದು ಸೇರು. ಮಗುವೇ ಅಳೆಯಲಿ, ಚೆಲ್ಲಲಿ. ಹಳ್ಳಿಯಲ್ಲಿ ಕಾಳು ಅಳೆಯುವಾಗ "ಒಂದು" ಎನ್ನದೆ "ಲಾಭ" ಎಂದು ಶುರು ಮಾಡುವುದನ್ನೂ ಹೇಳಿಕೊಡಿ. ಲಾಭ, ಎರಡು, ಮೂರು. ಮಕ್ಕಳಿಗೆ ಇದು ತಮಾಷೆ. ಜೊತೆಗೆ, ಹೆಸರು ಏನಾದರೂ ಇರಲಿ ಎಣಿಕೆಯಲ್ಲಿ ಅದರ ಜಾಗ ಮುಖ್ಯ ಎಂಬುದೂ ತಿಳಿಯುತ್ತದೆ.

ಅಳತೆಯಲ್ಲಿ ಮೋಸ ಎಲ್ಲಿ ನುಸುಳುತ್ತದೆ ಎಂದು ತೋರಿಸಿ. ಒಮ್ಮೆ ಪಾವಿನ ತಲೆ ಸವರಿ ಅಳೆಯಿರಿ, ಒಮ್ಮೆ ಗೋಪುರ ಮಾಡಿ. "ಎರಡೂ ಒಂದು ಪಾವೇನಾ?" ಇಲ್ಲ ಎಂದು ಕೂಗುತ್ತಾರೆ. ಅಂಗಡಿಗೆ ಹೋಗಿಬಂದ ಮಕ್ಕಳಿಗೆ ಇದು ಮೊದಲೇ ಗೊತ್ತು.

ಈಗ ತೂಕ. ಬಟ್ಟೆ ಹಾಕುವ ಹ್ಯಾಂಗರನ್ನು ಮೊಳೆಗೆ ತೂಗುಹಾಕಿ, ಎರಡು ತುದಿಗೆ ಒಂದೇ ಥರದ ಎರಡು ಚೀಲ ಕಟ್ಟಿ. ಒಂದಕ್ಕೆ ಒಂದು ಸೇರು ಮಂಡಕ್ಕಿ, ಇನ್ನೊಂದಕ್ಕೆ ಒಂದು ಪಾವು ಶೇಂಗಾ ಬೀಜ. ಕೈ ಬಿಡುವ ಮೊದಲು ಕೇಳಿ: "ಯಾವ ಕಡೆ ಕೆಳಗೆ ಹೋಗುತ್ತೆ?" ಉಬ್ಬಿದ ಮಂಡಕ್ಕಿ ಚೀಲದ ಕಡೆಗೇ ಎಲ್ಲರ ಬೆರಳು. ಕೈ ಬಿಟ್ಟರೆ ಶೇಂಗಾ ಕೆಳಗೆ. ಆ ಕ್ಷಣದ ಮುಖ ನೋಡಬೇಕು ನೀವು. "ಮೋಸ!" ಎಂದು ಒಬ್ಬಳು ಚೀಲ ಬಿಚ್ಚಿ ಒಳಗೆ ಕಲ್ಲು ಇದೆಯಾ ಎಂದು ಹುಡುಕಿದ್ದಳು.

ಇಲ್ಲಿಂದ ಮುಂದೆ "ಯಾವುದು ಜಾಸ್ತಿ?" ಎಂದು ಬರಿದೇ ಕೇಳಬೇಡಿ. "ಎಣಿಕೆಯಲ್ಲಿ ಯಾವುದು ಜಾಸ್ತಿ? ತೂಕದಲ್ಲಿ? ಅಳತೆಯಲ್ಲಿ?" ಎಂದು ಬಿಡಿಸಿ ಕೇಳಿ. ದೋಸೆ ಜಗಳಕ್ಕೆ ಮದ್ದು ಇದೇ.

ನೀರಿನದ್ದು ಬೇರೆ ಕತೆ. ಒಂದು ಲೋಟ ನೀರನ್ನು ಉದ್ದ ಕಿರಿದಾದ ಬಾಟಲಿಗೆ, ಇನ್ನೊಂದು ಅಂಥದೇ ಲೋಟ ನೀರನ್ನು ಅಗಲ ಬೋಗುಣಿಗೆ ಸುರಿಯಿರಿ. ಬಾಟಲಿಯಲ್ಲಿ ಜಾಸ್ತಿ ಎನ್ನುತ್ತಾರೆ. ವಾದ ಬೇಡ. ಎರಡನ್ನೂ ಮತ್ತೆ ಲೋಟಕ್ಕೆ ಸುರಿಯಲು ಹೇಳಿ, ಸುಮ್ಮನಿರಿ. ಚಿತ್ರದುರ್ಗದ ಕಡೆಯವರಾದರೆ ಕೋಟೆಗೆ ಹೋದಾಗ ಅಕ್ಕ-ತಂಗಿ ಹೊಂಡದ ಮುಂದೆ ನಿಂತು ಒಂದು ಪ್ರಶ್ನೆ ಕೇಳಿ. "ಯಾವ ಹೊಂಡದಲ್ಲಿ ನೀರು ಜಾಸ್ತಿ, ಹೇಗೆ ಕಂಡುಹಿಡೀತೀಯ?" ಹೊಂಡವನ್ನು ಎತ್ತಿ ಪಕ್ಕಕ್ಕೆ ತರಲಾಗದು. ಕೊಡದಿಂದ ಅಳೆಯುತ್ತೇನೆ, ಹಗ್ಗ ಇಳಿಬಿಡುತ್ತೇನೆ, ಹೀಗೆ ಏನೇನೋ ಹೇಳುತ್ತಾರೆ. ಯಾವುದನ್ನೂ ತಳ್ಳಿಹಾಕಬೇಡಿ.

ಹೆಜ್ಜೆ 7: ಚಿಹ್ನೆ

ಇದು ಚಿಕ್ಕ ವಿಷಯ, ಕೊನೆಗೆ ಬರಬೇಕಾದದ್ದು. ಪುಸ್ತಕಗಳು ಮಾತ್ರ ಅವಸರ ಮಾಡುತ್ತವೆ. "=" ಚಿಹ್ನೆಯನ್ನು ರಾಬರ್ಟ್ ರೆಕಾರ್ಡ್ 1557ರಲ್ಲಿ ಅಚ್ಚಿಗೆ ತಂದ. ">" ಮತ್ತು "<" ಥಾಮಸ್ ಹ್ಯಾರಿಯಟ್ ತೀರಿಕೊಂಡ ಮೇಲೆ 1631ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಬಂದವು. ಅದಕ್ಕೂ ಮೊದಲು ಸಾವಿರಾರು ವರ್ಷ ಜನ ಚಿಹ್ನೆಯಿಲ್ಲದೆಯೇ ಹೋಲಿಸಿಕೊಂಡು ಬದುಕಿದ್ದರು. ನಿಮ್ಮ ಮಗುವಿಗೂ ಏನೂ ಅವಸರವಿಲ್ಲ.

"ಮೊಸಳೆ ದೊಡ್ಡದನ್ನು ತಿನ್ನುತ್ತದೆ" ಎಂಬ ಕತೆಯನ್ನು ನಾನು ಕೈಬಿಟ್ಟಿದ್ದೇನೆ. ಮಕ್ಕಳು ಮೊಸಳೆಗೆ ಹಲ್ಲು ಬರೆಯುವುದರಲ್ಲೇ ಮುಳುಗುತ್ತಾರೆ, ಓದು ಎಂದರೆ "ಮೊಸಳೆ" ಎಂದು ಓದುತ್ತಾರೆ. ಬದಲಿಗೆ 5 ಮುಚ್ಚಳವನ್ನು ಒಂದರ ಮೇಲೊಂದು ಪೇರಿಸಿ, ಸ್ವಲ್ಪ ದೂರದಲ್ಲಿ 2 ಪೇರಿಸಿ. ಎರಡರ ತಲೆಯ ಮೇಲೆ ಒಂದು ಕಡ್ಡಿ, ಬುಡಕ್ಕೆ ಒಂದು ಕಡ್ಡಿ ಇಡಿ. ಕಡ್ಡಿಗಳು ಒಂದು ಕಡೆ ಅಗಲ, ಒಂದು ಕಡೆ ಹತ್ತಿರ. ಚಿಹ್ನೆ ತಾನಾಗಿ ಮೂಡಿತು. ಎರಡೂ ಕಡೆ 5 ಇಟ್ಟರೆ ಕಡ್ಡಿಗಳು ಸಮಾನವಾಗಿ ನಿಲ್ಲುತ್ತವೆ, ಅದೇ "=". ಬರೆದದ್ದನ್ನು ಯಾವಾಗಲೂ ಎಡದಿಂದ ಬಾಯಿಬಿಟ್ಟು ಓದಿಸಿ: "ಐದು, ಎರಡಕ್ಕಿಂತ ದೊಡ್ಡದು."

ಹೆಜ್ಜೆ 8: ದೊಡ್ಡ ಸಂಖ್ಯೆ, ಮತ್ತು ಪೇಪರಿನ ಮೂಲೆಯ ಜಲಾಶಯ

19 ಮತ್ತು 21. "ಒಂಬತ್ತು ಇದೆಯಲ್ಲ, 19 ದೊಡ್ಡದು" ಎನ್ನುವ ಮಗು ಅಂಕಿ ನೋಡುತ್ತಿದೆ, ಜಾಗ ನೋಡುತ್ತಿಲ್ಲ. ಹತ್ತು ಹತ್ತು ಕಡ್ಡಿಯನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿ, ಎರಡೂ ಸಂಖ್ಯೆಯನ್ನು ಕಟ್ಟು-ಬಿಡಿಗಳಲ್ಲಿ ಇಡಿಸಿ. ಮೊದಲು ಕಟ್ಟುಗಳಿಗೆ ಜೋಡಿ, ಆಮೇಲೆ ಬೇಕಿದ್ದರೆ ಬಿಡಿಗಳಿಗೆ ಜೋಡಿ. ಹಾಗೇ ಒಂದು ಹತ್ತು ರೂಪಾಯಿ ನೋಟು, ಐದು ಒಂದು ರೂಪಾಯಿ ನಾಣ್ಯ ಇಟ್ಟು ಯಾವುದು ಬೇಕು ಎಂದು ಕೇಳಿ ನೋಡಿ. ನಾಣ್ಯ ಎತ್ತಿಕೊಂಡ ಮಗುವನ್ನು ಬೈಯುವ ಬದಲು ಅಂಗಡಿಗೆ ಕಳಿಸಿ.

ಮೂರಂಕಿಗೆ ಬಂದಾಗ ನಮ್ಮ ಕಡೆ ಒಂದು ಸೊಗಸಾದ ಪಾಠ ದಿನಾ ಪೇಪರಿನಲ್ಲೇ ಬರುತ್ತದೆ. ಮಳೆಗಾಲ ಬಂತೆಂದರೆ ದಾವಣಗೆರೆಯ ರೈತರ ಕಣ್ಣು ಭದ್ರಾ ಜಲಾಶಯದ ಮಟ್ಟದ ಮೇಲೆ. ಗರಿಷ್ಠ 186 ಅಡಿ, ಇವತ್ತಿನದು ಇಷ್ಟು, ಹೋದ ವರ್ಷ ಇದೇ ದಿನ ಇಷ್ಟು. ಹಿರಿಯೂರಿನ ಕಡೆಯವರಿಗೆ ವಾಣಿ ವಿಲಾಸ ಸಾಗರ. ಅದರ ಗರಿಷ್ಠ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮಗು ದಿನಾ ಬೆಳಿಗ್ಗೆ ಕ್ಯಾಲೆಂಡರಿನ ಮನೆಯಲ್ಲಿ ಆ ದಿನದ ಮಟ್ಟ ಬರೆಯಲಿ. ನಿನ್ನೆಗಿಂತ ಎಷ್ಟು ಜಾಸ್ತಿ? ಹೋದ ವರ್ಷಕ್ಕಿಂತ? ತುಂಬಲು ಇನ್ನೂ ಎಷ್ಟು ಬೇಕು? ಐದನೇ ಹೆಜ್ಜೆಯ ಮೂರು ವಾಕ್ಯಗಳೂ ಇಲ್ಲಿವೆ.

ನನ್ನ ತಂಗಿಯ ಮಗ ಕಳೆದ ಮಳೆಗಾಲ ಇದನ್ನು ಮಾಡಿದ. ಒಂದು ದಿನ ಫೋನಿನಲ್ಲಿ, "ದೊಡ್ಡಮ್ಮ, ಎರಡೂ ಡ್ಯಾಂ ತುಂಬಿದ್ರೆ ಭದ್ರಾದಾಗೇ ನೀರು ಜಾಸ್ತಿ" ಎಂದ.

"ಹೆಂಗೆ ಗೊತ್ತಾಯ್ತು?"

"186 ದೊಡ್ಡದಲ್ವಾ, 130ಕ್ಕಿಂತ."

ಉತ್ತರ ಸರಿ. ಭದ್ರಾದಲ್ಲಿ ಸುಮಾರು 71 ಟಿಎಂಸಿ ನೀರು ಹಿಡಿಯುತ್ತದೆ, ವಾಣಿ ವಿಲಾಸದಲ್ಲಿ ಸುಮಾರು 30. ಕಾರಣ ಮಾತ್ರ ತಪ್ಪು. "ಹೆಂಗೆ ಗೊತ್ತಾಯ್ತು" ಎಂದು ಕೇಳದಿದ್ದರೆ ಭೇಷ್ ಎಂದು ಫೋನ್ ಇಟ್ಟುಬಿಡುತ್ತಿದ್ದೆ.

"ಒಂದು ಕೆಲಸ ಮಾಡು," ಎಂದೆ. "ಅಡುಗೆಮನೆಯಿಂದ ಉದ್ದನೇ ಬಾಟಲಿ ಒಂದು, ಅಗಲ ಬೋಗುಣಿ ಒಂದು ತಗೋ. ತಂಗೀನೂ ಕರ್ಕೋ."

ಫೋನ್ ಕೆಳಗಿಟ್ಟ ಸದ್ದು. ಆಮೇಲೆ ಪಾತ್ರೆ ಸದ್ದು, ನೀರು ಸುರಿಯುವ ಸದ್ದು. ದೂರದಿಂದ ತಂಗಿಯ ದನಿ: "ಅಣ್ಣ, ಒಂದೊಂದೇ ಲೋಟ ಹಾಕು. ನಾನು ಎಣಿಸ್ತೀನಿ. ಲಾಭ..."